3200ರ ರ‍್ಯಾಮ್ 3800ರಲ್ಲಿ ಓಡುತ್ತಿದೆ, ಆದರೆ ಆರ್ಕೈವ್ ಬಿಚ್ಚುವಾಗ ಮಾತ್ರ ಸಿಆರ್‌ಸಿ ದೋಷ: ಕಾರಣವೇನು?

ಬೆಳ್ಳಿಚುಕ್ಕಿ

ನನ್ನ ಕಂಪ್ಯೂಟರ್‌ನಲ್ಲಿ ರೈಜೆನ್ 5 5600 ಪ್ರೊಸೆಸರ್ ಮತ್ತು ತಲಾ 8 ಜಿಬಿಯ ಎರಡು ಡಿಡಿಆರ್4 ಮಾಡ್ಯೂಲ್‌ಗಳಿವೆ. ಅವುಗಳ ಎಕ್ಸ್‌ಎಂಪಿ ಪ್ರೊಫೈಲ್‌ನಲ್ಲಿ (ತಯಾರಕರು ಮಾಡ್ಯೂಲ್‌ನಲ್ಲೇ ಬರೆದಿಟ್ಟ ಸಿದ್ಧ ಸೆಟ್ಟಿಂಗ್) ವೇಗ 3200, ಟೈಮಿಂಗ್ (ಮೆಮೊರಿಯ ಕೆಲಸಗಳಿಗೆ ಕಾಯುವ ಸುತ್ತುಗಳ ಎಣಿಕೆ) 16-18-18-38, ವೋಲ್ಟೇಜ್ 1.35 ಎಂದು ನಮೂದಾಗಿದೆ. ಆ ಪ್ರೊಫೈಲ್‌ನಲ್ಲಿ ಎಂದೂ ತೊಂದರೆ ಬಂದದ್ದಿಲ್ಲ. ಈಗ ಬಯಾಸ್‌ನಲ್ಲಿ ವೇಗವನ್ನು 3800ಕ್ಕೆ ಏರಿಸಿ, ಅದಕ್ಕೆ ಸರಿಹೊಂದುವಂತೆ ಇನ್ಫಿನಿಟಿ ಫ್ಯಾಬ್ರಿಕ್ ಅನ್ನು (ಪ್ರೊಸೆಸರ್‌ನ ಒಳಭಾಗಗಳನ್ನು ಜೋಡಿಸುವ ಸಂಪರ್ಕ ಜಾಲ) 1900 ಮೆಗಾಹರ್ಟ್ಸ್‌ಗೆ ಇಟ್ಟು, ಟೈಮಿಂಗ್‌ಗಳನ್ನು 18-20-20-40 ಎಂದು ಕೊಟ್ಟಿದ್ದೇನೆ. ವೋಲ್ಟೇಜ್ 1.42. ಟಿಆರ್‌ಎಫ್‌ಸಿ (ರಿಫ್ರೆಶ್‌ಗೆ ಕಾಯುವ ಅವಧಿ) ಎಕ್ಸ್‌ಎಂಪಿಯಲ್ಲಿ ಇದ್ದಂತೆಯೇ 560, ಮಿಕ್ಕವೆಲ್ಲ ಆಟೊ.

ಯಂತ್ರ ಸಲೀಸಾಗಿ ಬೂಟ್ ಆಗುತ್ತದೆ, ಆಟಗಳು ಗಂಟೆಗಟ್ಟಲೆ ಓಡುತ್ತವೆ, ಮೆಮ್‌ಟೆಸ್ಟ್86 ಒಂದು ಸುತ್ತನ್ನು ದೋಷವಿಲ್ಲದೆ ಮುಗಿಸಿದೆ. ಆದರೆ ಹತ್ತಿಪ್ಪತ್ತು ಜಿಬಿಯ ಆರ್ಕೈವ್ ಒಂದನ್ನು ಬಿಚ್ಚುವಾಗ ಒಮ್ಮೊಮ್ಮೆ ಒಳಗಿನ ಯಾವುದೋ ಒಂದು ಕಡತಕ್ಕೆ ಸಿಆರ್‌ಸಿ (ಕಡತ ಕೆಟ್ಟಿಲ್ಲವೆಂದು ತಾಳೆ ನೋಡುವ ಮೊತ್ತ) ಹೊಂದುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಅದೇ ಆರ್ಕೈವ್ ಅನ್ನು ಮರುಬೂಟ್ ಮಾಡಿ ಬಿಚ್ಚಿದರೆ ಎಲ್ಲವೂ ಸರಿಯಾಗಿರುತ್ತದೆ. ಎಸ್‌ಎಸ್‌ಡಿಯ ಸ್ಮಾರ್ಟ್ ವರದಿಯಲ್ಲಿ ದೋಷವೇನೂ ಇಲ್ಲ.

ದೋಷ ರ‍್ಯಾಮ್ ಚಿಪ್‌ಗಳಲ್ಲಿದೆಯೋ, ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್‌ನಲ್ಲಿದೆಯೋ, ಫ್ಯಾಬ್ರಿಕ್‌ನಲ್ಲಿದೆಯೋ ಎಂಬುದನ್ನು ಬೇರ್ಪಡಿಸಿ ನೋಡುವ ಬಗೆ ಹೇಗೆ? ವೋಲ್ಟೇಜನ್ನು 1.45ಕ್ಕೆ ಏರಿಸಿದರೆ ಪರಿಹಾರವಾದೀತೇ?

ನ್ಯಾನೋಸೆಕೆಂಡ್

ವೋಲ್ಟೇಜ್ ಮುಟ್ಟುವ ಮೊದಲು ನೀವು ಕೊಟ್ಟಿರುವ ಅಂಕಿಗಳನ್ನು ಕಾಲಕ್ಕೆ ಪರಿವರ್ತಿಸಿ ನೋಡೋಣ, ಏಕೆಂದರೆ ಚಿಪ್‌ಗೆ ಗೊತ್ತಿರುವುದು ಕಾಲ ಮಾತ್ರ. ಬಯಾಸ್‌ನಲ್ಲಿ ನಾವು ಬರೆಯುವುದು ಗಡಿಯಾರದ ಸುತ್ತುಗಳ ಎಣಿಕೆಯನ್ನು. 3200 ಎನ್ನುವುದು ಸೆಕೆಂಡಿಗೆ 3200 ಮೆಗಾ ವರ್ಗಾವಣೆಗಳ ಲೆಕ್ಕ. ಡಿಡಿಆರ್ ಪ್ರತಿ ಸುತ್ತಿಗೆ ಎರಡು ಬಾರಿ ದತ್ತಾಂಶ ಕಳಿಸುವುದರಿಂದ ನಿಜವಾದ ಗಡಿಯಾರ 1600 ಮೆಗಾಹರ್ಟ್ಸ್, ಅಂದರೆ ಒಂದು ಸುತ್ತಿಗೆ 0.625 ನ್ಯಾನೋಸೆಕೆಂಡ್. 3800ರಲ್ಲಿ ಅದು 0.526ಕ್ಕೆ ಇಳಿಯುತ್ತದೆ.

ಈಗ ಲೆಕ್ಕ ಹಾಕಿ. ಎಕ್ಸ್‌ಎಂಪಿಯ ಸಿಎಲ್ (ಟೈಮಿಂಗ್‌ನ ಮೊದಲ ಅಂಕಿ; ಓದುವ ಆಜ್ಞೆಯಿಂದ ದತ್ತಾಂಶ ಬರುವವರೆಗಿನ ವಿಳಂಬ) 16 ಎಂದರೆ 10 ನ್ಯಾನೋಸೆಕೆಂಡ್, ನಿಮ್ಮ ಸಿಎಲ್ 18 ಎಂದರೆ 9.47. ಇದು ದೊಡ್ಡ ಇಳಿಕೆಯಲ್ಲ, ವೋಲ್ಟೇಜ್ ಹೆಚ್ಚಿಸಿದಾಗ ಸಿಎಲ್ ಸಾಮಾನ್ಯವಾಗಿ ಬಗ್ಗುತ್ತದೆ ಕೂಡ. ಎರಡನೆಯ ಅಂಕಿಯಾದ ಟಿಆರ್‌ಸಿಡಿ (ಮೆಮೊರಿಯ ಸಾಲು ತೆರೆದು ಓದಲು ಅಣಿಯಾಗುವ ಕಾಲ) ಮೊದಲು 11.25 ಇತ್ತು, ಈಗ 10.53 ಆಗಿದೆ. ಸ್ಯಾಮ್‌ಸಂಗ್‌ನ ಬಿ-ಡೈ ಎಂಬ ಚಿಪ್ ಹೊರತುಪಡಿಸಿದರೆ ಬಹುತೇಕ ಡಿಡಿಆರ್4 ಚಿಪ್‌ಗಳಲ್ಲಿ ಟಿಆರ್‌ಸಿಡಿ ವೋಲ್ಟೇಜ್‌ಗೆ ಅಷ್ಟಾಗಿ ಸ್ಪಂದಿಸುವುದಿಲ್ಲವಾದ್ದರಿಂದ ಇಲ್ಲಿ ಅನುಮಾನಕ್ಕೆ ಎಡೆಯಿದೆ.

ಆದರೆ ನನ್ನ ಕಣ್ಣು ನಿಂತದ್ದು ಟಿಆರ್‌ಎಫ್‌ಸಿಯ ಮೇಲೆ. 3200ರಲ್ಲಿ 560 ಸುತ್ತು ಎಂದರೆ ಸರಿಯಾಗಿ 350 ನ್ಯಾನೋಸೆಕೆಂಡ್; 8 ಗಿಗಾಬಿಟ್‌ನ ಡಿಡಿಆರ್4 ಚಿಪ್‌ಗೆ ಮೆಮೊರಿಯ ಮಾನದಂಡ ರೂಪಿಸುವ ಸಂಸ್ಥೆಯಾದ ಜೆಡೆಕ್ ನಿಗದಿಪಡಿಸಿರುವ ಕಾಲವೂ ಅದೇ. 8 ಜಿಬಿಯ ನಿಮ್ಮ ಮಾಡ್ಯೂಲ್‌ನಲ್ಲಿ ಇರುವುದು ಬಹುಪಾಲು ಅಂಥ ಎಂಟು ಚಿಪ್‌ಗಳೇ. ಅದೇ 560ನ್ನು 3800ರಲ್ಲಿ ಉಳಿಸಿಕೊಂಡಿರುವುದರಿಂದ ಕಾಲ 295 ನ್ಯಾನೋಸೆಕೆಂಡಿಗೆ ಕುಸಿದಿದೆ. ಡಿರ‍್ಯಾಮ್‌ನ ಪ್ರತಿ ಕೋಶವೂ ಸೋರುವ ಒಂದು ಪುಟ್ಟ ಕೆಪ್ಯಾಸಿಟರ್. ಎಲ್ಲ ಸಾಲುಗಳನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಮರುತುಂಬಬೇಕು, ಅದಕ್ಕಾಗಿ ಸುಮಾರು 7.8 ಮೈಕ್ರೋಸೆಕೆಂಡಿಗೊಮ್ಮೆ ರಿಫ್ರೆಶ್ ಆಜ್ಞೆ ಹೋಗುತ್ತದೆ. ಆಜ್ಞೆ ಹೋದ ಬಳಿಕ ಚಿಪ್ ತನ್ನ ಕೆಲಸ ಮುಗಿಸಲು ಕಂಟ್ರೋಲರ್ ಕಾಯುವ ಅವಧಿಯೇ ಟಿಆರ್‌ಎಫ್‌ಸಿ. ಬಿ-ಡೈ 160 ನ್ಯಾನೋಸೆಕೆಂಡಿಗಿಂತ ಕಡಿಮೆಯಲ್ಲೂ ಮುಗಿಸಬಲ್ಲದು. ಬೇರೆ ಹಲವು ಚಿಪ್‌ಗಳು 295ರಲ್ಲಿ ಬಹುತೇಕ ಮುಗಿಸುತ್ತವೆ, ಆದರೆ ಪ್ರತಿ ಸಲವೂ ಅಲ್ಲ. ಆ 'ಬಹುತೇಕ' ಎಂಬುದೇ ನಿಮಗೆ ಅಪರೂಪಕ್ಕೆ ಕಾಣಿಸಿಕೊಳ್ಳುತ್ತಿರುವ ಸಿಆರ್‌ಸಿ ದೋಷವಾಗಿರಬಹುದು.

ಮೊದಲು ಟಿಆರ್‌ಎಫ್‌ಸಿಯನ್ನು 666 ಮಾಡಿ, ಬೇರೇನನ್ನೂ ಬದಲಿಸದೆ ಪರೀಕ್ಷಿಸಿ.

ಹಳೆಮದರ್‌ಬೋರ್ಡ್

ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ಪ್ರಶ್ನೆಯಲ್ಲಿ ಅದಕ್ಕಿಂತ ತುರ್ತಾದ ಒಂದು ಸಂಗತಿ ಇದೆ: ಈ ಸ್ಥಿತಿಯಲ್ಲಿ ನೀವು ಕಂಪ್ಯೂಟರನ್ನು ದಿನನಿತ್ಯದ ಕೆಲಸಕ್ಕೆ ಬಳಸುತ್ತಿದ್ದೀರಿ. ದಯವಿಟ್ಟು ಇಂದೇ ಎಕ್ಸ್‌ಎಂಪಿಗೆ ಮರಳಿ, ಪ್ರಯೋಗಗಳನ್ನು ಬೇರೆಯಾಗಿ ನಡೆಸಿ.

ಆಟ ಕುಸಿಯದೆ ಓಡುತ್ತಿದೆ ಎಂಬುದು ಮೆಮೊರಿ ಸ್ಥಿರವಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಆಟದ ದತ್ತಾಂಶದ ಬಹುಭಾಗ ಚಿತ್ರ, ಧ್ವನಿ ಮತ್ತು ಜ್ಯಾಮಿತಿ. ಅದರಲ್ಲಿ ಒಂದು ಬಿಟ್ ತಿರುಚಿಕೊಂಡರೆ ಎಲ್ಲೋ ಒಂದು ಚುಕ್ಕೆಯ ಬಣ್ಣ ಬದಲಾಗುತ್ತದೆ, ಅಷ್ಟೇ. ಯಾರೂ ಅದನ್ನು ನೋಡುವುದಿಲ್ಲ, ಯಾವ ತಂತ್ರಾಂಶವೂ ಪರಿಶೀಲಿಸುವುದಿಲ್ಲ. ಆರ್ಕೈವ್ ಬಿಚ್ಚುವ ತಂತ್ರಾಂಶ ಮಾತ್ರ ಪ್ರತಿ ಕಡತದ ಕೊನೆಗೆ ಮೊತ್ತವನ್ನು ತಾಳೆ ನೋಡುವುದರಿಂದ ಅಲ್ಲಿ ಸಿಕ್ಕಿಬಿದ್ದಿದೆ. ಅಂದರೆ ದೋಷ ಆರ್ಕೈವ್ ಬಿಚ್ಚುವಾಗ 'ಮಾತ್ರ' ಬರುತ್ತಿಲ್ಲ, ಎಲ್ಲೆಡೆಯೂ ಬರುತ್ತಿದೆ, ನಿಮಗೆ ತಿಳಿಯುವುದು ಅಲ್ಲಿ ಮಾತ್ರ.

ಮರುಬೂಟ್ ಮಾಡಿದರೆ ಸರಿಹೋಗುವುದಕ್ಕೂ ಕಾರಣವಿದೆ. ಕಡತವನ್ನು ಒಮ್ಮೆ ಓದಿದ ಮೇಲೆ ಆಪರೇಟಿಂಗ್ ಸಿಸ್ಟಂ ಅದರ ಪ್ರತಿಯನ್ನು ರ‍್ಯಾಮ್‌ನಲ್ಲಿ ಕ್ಯಾಶ್ ಆಗಿ ಇಟ್ಟುಕೊಂಡಿರುತ್ತದೆ. ಕೆಟ್ಟದ್ದು ಆ ಪ್ರತಿಯಾಗಿದ್ದರೆ ಎಷ್ಟು ಸಲ ಬಿಚ್ಚಿದರೂ ಅದೇ ಜಾಗದಲ್ಲಿ ಅದೇ ದೋಷ ಬರುತ್ತದೆ, ಕ್ಯಾಶ್ ಖಾಲಿಯಾದ ಮೇಲೆ ಡಿಸ್ಕ್‌ನಿಂದ ಹೊಸದಾಗಿ ಓದಿದಾಗ ಮಾಯವಾಗುತ್ತದೆ. ಭಯಪಡಬೇಕಾದದ್ದು ಇದರ ತಿರುವುಮುರುವಿಗೆ: ಕ್ಯಾಶ್‌ನಲ್ಲಿ ಕೆಟ್ಟ ಪ್ರತಿ ಇರುವಾಗ ಆ ಕಡತವನ್ನು ಬೇರೆಡೆಗೆ ನಕಲು ಮಾಡಿದರೆ, ಕೆಟ್ಟದ್ದೇ ಡಿಸ್ಕ್‌ಗೆ ಶಾಶ್ವತವಾಗಿ ಬರೆಯಲ್ಪಡುತ್ತದೆ. ಝಡ್‌ಎಫ್‌ಎಸ್‌ನಂತಹ ಚೆಕ್‌ಸಮ್ ಇರುವ ಫೈಲ್ ಸಿಸ್ಟಂ ಕೂಡ ಇಲ್ಲಿ ನೆರವಿಗೆ ಬಾರದು. ಚೆಕ್‌ಸಮ್ ಲೆಕ್ಕ ಹಾಕುವ ಮೊದಲೇ ಬಿಟ್ ಕೆಟ್ಟಿದ್ದರೆ, ಆ ಕೆಟ್ಟ ಬಿಟ್ಟನ್ನೇ ಅದು ನಿಷ್ಠೆಯಿಂದ ಕಾಪಾಡುತ್ತದೆ. 3800ರಲ್ಲಿದ್ದ ಅವಧಿಯಲ್ಲಿ ಬ್ಯಾಕಪ್ ಮಾಡಿದ್ದರೆ ಅದನ್ನು ಹಳೆಯ ಬ್ಯಾಕಪ್‌ನ ಮೇಲೆ ಬರೆಯಬೇಡಿ. ವಿಂಡೋಸ್ ಆಗಿದ್ದರೆ ಸಿಸ್ಟಂ ಕಡತಗಳನ್ನು ಪರಿಶೀಲಿಸುವ ಎಸ್‌ಎಫ್‌ಸಿ ಸ್ಕ್ಯಾನ್ ಒಮ್ಮೆ ಓಡಿಸಿ, ಮೆಮೊರಿ ಎಕ್ಸ್‌ಎಂಪಿಗೆ ಮರಳಿದ ನಂತರ.

ಬೇರ್ಪಡಿಸುವ ಬಗೆ ಹೀಗೆ. ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್‌ನ (ವಿಂಡೋಸ್‌ನ ಯಂತ್ರಾಂಶ ದೋಷಗಳ ದಾಖಲೆ) 19ನೇ ಕ್ರಮಾಂಕದ ಎಚ್ಚರಿಕೆಗಳು ದಾಖಲಾಗಿವೆಯೇ ನೋಡಿ. ಅವು ಬಸ್ ಅಥವಾ ಇಂಟರ್‌ಕನೆಕ್ಟ್ ದೋಷವೆಂದು ಹೇಳುತ್ತಿದ್ದರೆ 1900ರ ಫ್ಯಾಬ್ರಿಕ್ ತಾಳುತ್ತಿಲ್ಲ ಎಂದು ಅರ್ಥ. ರೈಜೆನ್ 5000 ಸರಣಿಯಲ್ಲಿ 1800 ಬಹುತೇಕ ಎಲ್ಲ ಪ್ರೊಸೆಸರ್‌ಗಳಿಗೂ ಸಾಧ್ಯ, 1900 ಅದೃಷ್ಟದ ಮಾತು. ನಂತರ ಮೆಮೊರಿಯನ್ನು 3800ರಲ್ಲೇ ಬಿಟ್ಟು ಫ್ಯಾಬ್ರಿಕ್ ಅನ್ನು ಮಾತ್ರ 1600ಕ್ಕೆ ಇಳಿಸಿ. ವೇಗದ ದೃಷ್ಟಿಯಿಂದ ಇದು ಕೆಟ್ಟ ಸಂಯೋಜನೆ, ರೋಗಪತ್ತೆಗೆ ಮಾತ್ರ ಬಹಳ ಉಪಯುಕ್ತ. ದೋಷ ನಿಂತರೆ ಫ್ಯಾಬ್ರಿಕ್, ಮುಂದುವರಿದರೆ ಚಿಪ್ ಅಥವಾ ಕಂಟ್ರೋಲರ್.

ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ನಿಂದ ಓಡುವುದರಿಂದ ಡಿಸ್ಕ್‌ಗೆ ಅಪಾಯವಿಲ್ಲ, ಹಾಗಾಗಿ ಮೊದಲ ಜರಡಿಯಾಗಿ ಅದು ಒಳ್ಳೆಯದು. ಆದರೆ ಅದು ಓಡುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತದೆ, ಫ್ಯಾಬ್ರಿಕ್ ಮೇಲೆ ಬೀಳುವ ಹೊರೆಯೂ ಕಡಿಮೆ. ಅದನ್ನು ದಾಟಿದ ಮೇಲೆ ಟೆಸ್ಟ್‌ಮೆಮ್5, ಓಸಿಸಿಟಿ, ಪ್ರೈಮ್95ರ ಬ್ಲೆಂಡ್, ವೈ-ಕ್ರಂಚರ್ ಎಂಬ ಪರೀಕ್ಷಾ ತಂತ್ರಾಂಶಗಳಲ್ಲಿ ಕನಿಷ್ಠ ಎರಡನ್ನು ಗಂಟೆಗಟ್ಟಲೆ ಓಡಿಸದೆ ಸ್ಥಿರತೆಯ ಮಾತನ್ನು ಆಡಬಾರದು. ಒಂದೇ ಒಂದು ದೋಷ ಬಂದರೂ ಅದು ಅನುತ್ತೀರ್ಣವೇ. 'ಹತ್ತು ಗಂಟೆಗೆ ಒಂದೇ ದೋಷ, ಪರವಾಗಿಲ್ಲ' ಎನ್ನುವವರನ್ನು ಕಂಡಿದ್ದೇನೆ. ಅಂಥವರು ತಮ್ಮ ಕಡತಗಳಿಗೆ ಎಷ್ಟು ಬೆಲೆ ಕೊಡುತ್ತಾರೋ ನಾನರಿಯೆ.

ನಿಶಾಚರ

ನಾನು ಕೇಳುವುದು ಬೇರೆ: 3800 ಬೇಕಾಗಿರುವುದಾದರೂ ಏತಕ್ಕೆ?

ಎರಡು ಚಾನೆಲ್‌ಗಳಲ್ಲಿ 3200ರ ಸೈದ್ಧಾಂತಿಕ ಗರಿಷ್ಠ ಸೆಕೆಂಡಿಗೆ 51.2 ಜಿಬಿ, 3800ರದ್ದು 60.8 ಜಿಬಿ. ಕಾಗದದ ಮೇಲೆ ಶೇ. 19ರಷ್ಟು ಏರಿಕೆ. ಆದರೆ 5600ರ ಒಳಗೆ 32 ಎಂಬಿಯ ಎಲ್3 ಕ್ಯಾಶ್ ಇದೆ, ಆಟಗಳ ಬಹುಪಾಲು ಕೋರಿಕೆಗಳು ಅಲ್ಲಿಯೇ ತೀರಿಹೋಗುತ್ತವೆ. ತೀರದೆ ರ‍್ಯಾಮ್‌ವರೆಗೆ ಹೋಗುವ ಕೋರಿಕೆಗೆ ಮುಖ್ಯವಾಗುವುದು ಬ್ಯಾಂಡ್‌ವಿಡ್ತ್‌ಗಿಂತ ಹೆಚ್ಚಾಗಿ ವಿಳಂಬ. ಗ್ರಾಫಿಕ್ಸ್ ಕಾರ್ಡ್ ತನ್ನ ಮಿತಿಯಲ್ಲಿ ದುಡಿಯುತ್ತಿದ್ದರೆ ಇದೂ ಕಣ್ಣಿಗೆ ಬೀಳುವುದಿಲ್ಲ. 96 ಎಂಬಿ ಎಲ್3 ಇರುವ 5800ಎಕ್ಸ್3ಡಿಯಲ್ಲಂತೂ ರ‍್ಯಾಮ್ ವೇಗದ ಪರಿಣಾಮ ಇನ್ನೂ ಕ್ಷೀಣ. ನಿಜವಾಗಿ ಲಾಭ ಕಾಣುವುದು ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಬಳಸುವವರಿಗೆ, ಏಕೆಂದರೆ ಅವರಿಗೆ ಸಾಮಾನ್ಯ ರ‍್ಯಾಮೇ ವಿಡಿಯೋ ಮೆಮೊರಿ. 5600ರಲ್ಲಿ ಅದೂ ಇಲ್ಲ.

ಇನ್ನೊಂದು ಮಾತನ್ನು ಹೆಚ್ಚಿನವರು ಮರೆಯುತ್ತಾರೆ. ಎಕ್ಸ್‌ಎಂಪಿಯೇ ಒಂದು ಓವರ್‌ಕ್ಲಾಕ್. ಜೆಡೆಕ್ ಪ್ರಕಾರ ಡಿಡಿಆರ್4ನ ವೋಲ್ಟೇಜ್ 1.2, 3200ರಲ್ಲಿ ಸಿಎಲ್ ಸಾಮಾನ್ಯವಾಗಿ 22, ಅಂದರೆ 13.75 ನ್ಯಾನೋಸೆಕೆಂಡ್. ಅಲ್ಲಿಂದ ಸಿಎಲ್ 16ಕ್ಕೆ ಬಂದಾಗಲೇ ದೊಡ್ಡ ಲಾಭ ನಿಮ್ಮ ಕೈಸೇರಿದೆ. ಉಳಿದಿರುವ ಚೂರಿಗಾಗಿ ಕಡತಗಳನ್ನು ಪಣಕ್ಕಿಡುವುದು ಮೂಗಿಗಿಂತ ಮೂಗುತಿ ಭಾರ ಎಂದಂತೆ. ಅಷ್ಟಾಗಿಯೂ ಆಸೆ ತೀರದಿದ್ದರೆ 3600ರಲ್ಲಿ ನಿಂತು ಟೈಮಿಂಗ್ ಬಿಗಿಗೊಳಿಸಿ. 3600ರಲ್ಲಿ ಸಿಎಲ್ 16 ಎಂದರೆ 8.89 ನ್ಯಾನೋಸೆಕೆಂಡ್, ನಿಮ್ಮ 3800ರ ಸಿಎಲ್ 18ಕ್ಕಿಂತ ಕಡಿಮೆಯೇ.

ಅಂದಹಾಗೆ ವೇಗ ಅಳೆಯುವ ಐಡಾ64 ತಂತ್ರಾಂಶದಲ್ಲಿ ಬರಹದ ಬ್ಯಾಂಡ್‌ವಿಡ್ತ್ ಓದಿನ ಅರ್ಧದಷ್ಟೇ ತೋರಿಸುತ್ತಿದ್ದರೆ ಗಾಬರಿಯಾಗಬೇಡಿ. ಒಂದೇ ಕೋರ್ ಡೈ ಇರುವ ಈ ಪ್ರೊಸೆಸರ್‌ಗಳಲ್ಲಿ ಫ್ಯಾಬ್ರಿಕ್ ಪ್ರತಿ ಸುತ್ತಿಗೆ 32 ಬೈಟ್ ಓದುತ್ತದೆ, ಆದರೆ 16 ಬೈಟ್ ಮಾತ್ರ ಬರೆಯುತ್ತದೆ. ಅದು ವಿನ್ಯಾಸ, ದೋಷವಲ್ಲ.

ಬೆಳ್ಳಿಚುಕ್ಕಿ

ಎಲ್ಲರಿಗೂ ಧನ್ಯವಾದ. ದಿನದ ಕೆಲಸಕ್ಕೆ ಎಕ್ಸ್‌ಎಂಪಿಗೆ ಮರಳಿದ್ದೇನೆ, ಪ್ರಯೋಗಗಳನ್ನು ಬೇರೊಂದು ಡಿಸ್ಕ್‌ನಲ್ಲಿ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಮಾಡುತ್ತಿದ್ದೇನೆ. ಕಂಡದ್ದು ಇಷ್ಟು.

ಈವೆಂಟ್ ವ್ಯೂವರ್‌ನಲ್ಲಿ 19ನೇ ಕ್ರಮಾಂಕದ ಎಚ್ಚರಿಕೆ ಒಂದೂ ಇಲ್ಲ. ಫ್ಯಾಬ್ರಿಕ್ ಅನ್ನು 1600ಕ್ಕೆ ಇಳಿಸಿದರೂ ಟೆಸ್ಟ್‌ಮೆಮ್5ರಲ್ಲಿ ದೋಷ ಬಂದಿತು. ಟಿಆರ್‌ಎಫ್‌ಸಿಯನ್ನು 666ಕ್ಕೆ ಏರಿಸಿದ ಮೇಲೆ ಅದೇ ಪರೀಕ್ಷೆ ಕೊನೆಯವರೆಗೂ ಶುದ್ಧವಾಗಿ ಮುಗಿಯಿತು. ಆದರೆ ಗ್ರಾಫಿಕ್ಸ್ ಕಾರ್ಡ್‌ಗೆ ಹೊರೆ ಕೊಟ್ಟು, ಮಾಡ್ಯೂಲ್‌ನ ಸೆನ್ಸರ್ 52 ಡಿಗ್ರಿ ಸೆಲ್ಸಿಯಸ್ ತೋರಿಸುವಾಗ ಓಡಿಸಿದರೆ ಮತ್ತೆ ಒಂದೆರಡು ದೋಷಗಳು ಬರುತ್ತವೆ. ತಣ್ಣಗಿರುವಾಗ ಇಲ್ಲ. 52 ಡಿಗ್ರಿ ರ‍್ಯಾಮ್‌ಗೆ ಅಪಾಯಕಾರಿಯೇ?

ನ್ಯಾನೋಸೆಕೆಂಡ್

ಅಪಾಯಕಾರಿ ಅಲ್ಲ. ಜೆಡೆಕ್ 85 ಡಿಗ್ರಿಯವರೆಗೆ ಸಾಮಾನ್ಯ ರಿಫ್ರೆಶ್ ದರವನ್ನೇ ಒಪ್ಪುತ್ತದೆ, ಅದರಾಚೆ ದರವನ್ನು ಇಮ್ಮಡಿಗೊಳಿಸುತ್ತದೆ. ಆದರೆ ಆ ಭರವಸೆ ಜೆಡೆಕ್‌ನ ಟೈಮಿಂಗ್‌ಗಳಿಗೆ ಸಲ್ಲುವಂಥದ್ದು. ನಾವು ಅಂಚಿಗೆ ಬಂದು ನಿಂತಾಗ ತಾಪ ಏರಿದಂತೆ ಕೋಶಗಳ ಸೋರಿಕೆ ಹೆಚ್ಚಿ, ಕೈಯಲ್ಲಿದ್ದ ಅಲ್ಪ ಅಂತರವೂ ಕರಗುತ್ತದೆ. ಬಿಗಿಯಾದ ಟೈಮಿಂಗ್‌ನ ಬಿ-ಡೈಗಳು 45–50 ಡಿಗ್ರಿಯ ಆಸುಪಾಸಿನಲ್ಲೇ ಎಡವುವುದು ಇದೇ ಕಾರಣಕ್ಕೆ.

ಹೀಗಾಗಿ ವೋಲ್ಟೇಜನ್ನು 1.45ಕ್ಕೆ ಒಯ್ಯುವುದು ನಿಮ್ಮ ವಿಷಯದಲ್ಲಿ ಉಲ್ಟಾ ಹೊಡೆಯಬಹುದು. ಉಳಿದಿರುವ ದೋಷ ಟಿಆರ್‌ಸಿಡಿಯದ್ದಾಗಿದ್ದರೆ ಅದು ವೋಲ್ಟೇಜ್‌ಗೆ ಬಗ್ಗುವುದಿಲ್ಲ, ತಾಪ ಮಾತ್ರ ಏರುತ್ತದೆ. ಡಿಡಿಆರ್4 ಮಾನದಂಡದಲ್ಲಿ 1.5 ವೋಲ್ಟ್ ಎಂಬುದು ಎಂದೂ ದಾಟಬಾರದ ಗಡಿ, ಗುರಿಯಲ್ಲ. ಹಾಗೆಯೇ ಆಟೊ ಎಂದು ಬಿಟ್ಟಿರುವ ಎಸ್‌ಓಸಿ ವೋಲ್ಟೇಜ್ (ಪ್ರೊಸೆಸರ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗದ್ದು) ಎಷ್ಟಿದೆ ನೋಡಿ. ಕೆಲವು ಬೋರ್ಡ್‌ಗಳು ಅದನ್ನು ಬೇಕಾದದ್ದಕ್ಕಿಂತ ಮೇಲಕ್ಕೆ ಒಯ್ಯುತ್ತವೆ. 5600ಕ್ಕೆ 1.1ರ ಸುತ್ತಮುತ್ತ ಸಾಕು.

3800ರಲ್ಲೇ ಮೂಲ ಪ್ರೊಫೈಲ್‌ನ ಕಾಲಗಳನ್ನು ಉಳಿಸಿಕೊಳ್ಳಬೇಕೆಂದರೆ ಸಿಎಲ್ 19, ಟಿಆರ್‌ಸಿಡಿ 22 ಬೇಕು. ಗೇರ್ ಡೌನ್ ಮೋಡ್ ಆನ್ ಇದ್ದರೆ ಬೆಸ ಸಂಖ್ಯೆಯ ಸಿಎಲ್ ತಾನಾಗಿಯೇ ಮುಂದಿನ ಸಮಸಂಖ್ಯೆಗೆ ಜಾರುವುದರಿಂದ ಅದು 20 ಆಗುತ್ತದೆ. ಅಲ್ಲಿಗೆ ವಿಳಂಬದಲ್ಲಿ ಗಳಿಸಿದ್ದು ಏನೂ ಇಲ್ಲ. ಆದ್ದರಿಂದ ನಿಶಾಚರ ಹೇಳಿದ 3600ಕ್ಕೆ ನನ್ನ ಮತವೂ ಇದೆ: 16-20-20-40, ಟಿಆರ್‌ಎಫ್‌ಸಿ 630, ವೋಲ್ಟೇಜ್ 1.40, ಫ್ಯಾಬ್ರಿಕ್ 1800. ಇಲ್ಲಿ ಟಿಆರ್‌ಸಿಡಿ 11.11 ನ್ಯಾನೋಸೆಕೆಂಡ್ ಆಗಿ ಮೂಲದ ಹತ್ತಿರಕ್ಕೆ ಬರುತ್ತದೆ, ಟಿಆರ್‌ಎಫ್‌ಸಿ ಮತ್ತೆ 350 ಆಗುತ್ತದೆ. ಸಿಎಲ್ 16 ನಿಲ್ಲದಿದ್ದರೆ 18ಕ್ಕೆ ಏರಿಸಿ. ಪರೀಕ್ಷೆಯನ್ನು ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗಿರುವಾಗಲೇ ಮಾಡಿ.

ಬೆಳ್ಳಿಚುಕ್ಕಿ

3600ರಲ್ಲಿ 16-20-20-40 ನಿಂತಿದೆ. ಬಿಸಿಯಲ್ಲಿ ಟೆಸ್ಟ್‌ಮೆಮ್5 ಮತ್ತು ವೈ-ಕ್ರಂಚರ್ ಎರಡೂ ಶುದ್ಧ, ಆರ್ಕೈವ್‌ಗಳೂ ತಕರಾರಿಲ್ಲದೆ ಬಿಚ್ಚುತ್ತಿವೆ. ಕೊನೆಯದಾಗಿ ಒಂದು ಪ್ರಶ್ನೆ: ಇದೇ ಮಾದರಿಯ ಇನ್ನೆರಡು ಮಾಡ್ಯೂಲ್ ಸೇರಿಸಿ 32 ಜಿಬಿ ಮಾಡಿದರೆ ಇದೇ ಸೆಟ್ಟಿಂಗ್ ಉಳಿಯುತ್ತದೆಯೇ?

ಹಳೆಮದರ್‌ಬೋರ್ಡ್

ಉಳಿಯುತ್ತದೆಂದು ಎಣಿಸಿಕೊಂಡು ಹೋಗಬೇಡಿ. ಈಗಿನ ಹೆಚ್ಚಿನ ಬೋರ್ಡ್‌ಗಳಲ್ಲಿ ಸ್ಲಾಟ್‌ಗಳ ತಂತಿಗಳು ಡೈಸಿ ಚೈನ್ ಕ್ರಮದಲ್ಲಿವೆ: ಪ್ರೊಸೆಸರ್‌ನಿಂದ ಹೊರಟ ಸಂಕೇತ ಹತ್ತಿರದ ಸ್ಲಾಟ್ ಹಾಯ್ದು ದೂರದ ಸ್ಲಾಟ್‌ನಲ್ಲಿ ಕೊನೆಗೊಳ್ಳುತ್ತದೆ. ಎರಡೇ ಮಾಡ್ಯೂಲ್ ಇದ್ದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಲು ಕೈಪಿಡಿ ಹೇಳುವುದು ಅದಕ್ಕೇ. ನಾಲ್ಕನ್ನೂ ತುಂಬಿದಾಗ ಕಂಟ್ರೋಲರ್‌ನ ಹೊರೆ ಹೆಚ್ಚುತ್ತದೆ, ಪ್ರತಿಫಲನಗಳು ಹೆಚ್ಚುತ್ತವೆ, ತಾಳುವ ವೇಗ ಇಳಿಯುತ್ತದೆ. ಇನ್ನೊಂದೆಡೆ ಪ್ರತಿ ಚಾನೆಲ್‌ಗೆ ಎರಡು ರ‍್ಯಾಂಕ್ (ಒಟ್ಟಿಗೆ ದುಡಿಯುವ ಚಿಪ್‌ಗಳ ಗುಂಪು) ಸಿಗುವುದರಿಂದ ಒಂದು ರಿಫ್ರೆಶ್ ಆಗುತ್ತಿರುವಾಗ ಇನ್ನೊಂದರಿಂದ ಓದಲು ಸಾಧ್ಯವಾಗಿ, ಅದೇ ವೇಗದಲ್ಲಿ ಸ್ವಲ್ಪ ಲಾಭವೂ ಇದೆ. 3200ರ ನಾಲ್ಕು ಮಾಡ್ಯೂಲ್ 3600ರ ಎರಡಕ್ಕೆ ಸರಿಸಾಟಿಯಾಗಿ ನಿಲ್ಲುವುದು ಅಪರೂಪವೇನಲ್ಲ.

ಅದೇ ಮಾದರಿ ಸಂಖ್ಯೆಯ ಹೊಸ ಜೋಡಿಯಲ್ಲಿ ಅದೇ ಚಿಪ್ ಇರುತ್ತದೆ ಎಂಬ ಖಾತರಿಯೂ ಇಲ್ಲ. ತಯಾರಕರು ಸ್ಟಿಕ್ಕರ್ ಬದಲಿಸದೆ ಚಿಪ್ ಬದಲಿಸುವುದುಂಟು. ಹೊಸ ಜೋಡಿಯನ್ನು ಮೊದಲು ಒಂಟಿಯಾಗಿ ಎಕ್ಸ್‌ಎಂಪಿಯಲ್ಲಿ ಪರೀಕ್ಷಿಸಿ, ನಂತರ ನಾಲ್ಕನ್ನೂ ಹಾಕಿ ಎಕ್ಸ್‌ಎಂಪಿಯಲ್ಲೇ ಪರೀಕ್ಷಿಸಿ, ಅದು ದಾಟಿದ ಮೇಲೆ 3600ರ ಯೋಚನೆ ಮಾಡಿ. ಬೂಟ್ ಆಗದೆ ಹೋದರೆ ಪವರ್ ಕೇಬಲ್ ತೆಗೆದು ಕ್ಲಿಯರ್ ಸಿಮಾಸ್ ಜಂಪರ್ ಬಳಸಿದರಾಯಿತು, ಈಗಿನ ಅಂಕಿಗಳನ್ನು ಬಯಾಸ್ ಪ್ರೊಫೈಲ್ ಆಗಿ ಉಳಿಸಿಡುವುದರ ಜೊತೆಗೆ ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಬಯಾಸ್ ಅಪ್‌ಡೇಟ್ ಮಾಡಿದರೆ ಹಲವು ಬೋರ್ಡ್‌ಗಳು ಉಳಿಸಿದ ಪ್ರೊಫೈಲ್‌ಗಳನ್ನು ಅಳಿಸಿಹಾಕುತ್ತವೆ.